ಕಿಟಕಿ ಮುಚ್ಚಿದ ಚಳಿಗಾಲ

ಜರ್ಮನಿ ಎಂದರೆ ಕಾಡು, ಗುಡ್ಡ, ಹಸಿರು ಎಂದುಕೊಂಡು ನಮ್ಮ ಮನೆಗೆ ಬಂದವರಿಗೆ ಮೊದಲ ದಿನವೇ ನಿರಾಸೆಯಾಗುತ್ತದೆ. ನಾವಿರುವುದು ಪೂರ್ವ ಭಾಗದ ಒಂದು ಸಣ್ಣ ಒಕ್ಕಲುತನದ ಊರಿನಲ್ಲಿ. ಪಶ್ಚಿಮಕ್ಕಿರುವ ಹಾರ್ಟ್ಸ್ ಬೆಟ್ಟಸಾಲು ಬರುವ ಮಳೆಯನ್ನೆಲ್ಲ ಅಲ್ಲೇ ಇಳಿಸಿಕೊಂಡುಬಿಡುತ್ತದೆ. ನಮ್ಮ ಪಾಲಿಗೆ ಉಳಿಯುವುದು ಗಾಳಿ. ಕಣ್ಣು ಹಾಯುವಷ್ಟು ದೂರ ಬಯಲು, ಕಪ್ಪು ಮಣ್ಣು, ಗೋಧಿ, ಬಾರ್ಲಿ, ಸಕ್ಕರೆ ಬೀಟು. ಇಲ್ಲಿಯವರೇ ತಮ್ಮ ಸೀಮೆಯನ್ನು 'ಸ್ಟೆಪ್', ಮರವಿಲ್ಲದ ಹುಲ್ಲುಬಯಲು, ಎಂದು ಕರೆದು ನಗುತ್ತಾರೆ. ಗದಗ ಸೀಮೆಯ ಎರೆಹೊಲ ನೋಡುತ್ತ ಬೆಳೆದ ನನಗೆ ಮಾತ್ರ ಈ ಊರು ಬಂದ ದಿನವೇ ಹಿಡಿಸಿತ್ತು.

ಬೀಜದ ಹೊಸ ತಳಿಗಳನ್ನು ಬೆಳೆಸಿ ನೋಡುವ ಒಂದು ಕಂಪನಿಯಲ್ಲಿ ನನ್ನ ಕೆಲಸ. ಹೊಸ ತಳಿಯ ಪಕ್ಕದಲ್ಲಿ ಹಳೆಯದನ್ನೂ ಬಿತ್ತಿ, ಎರಡಕ್ಕೂ ಒಂದೇ ನೀರು, ಒಂದೇ ಗೊಬ್ಬರ ಕೊಟ್ಟು, ಕೊನೆಗೆ ತೂಗಿ ನೋಡುತ್ತೇವೆ. ಪಕ್ಕದ ಆ ಹಳೆಯ ತಳಿಯ ತಾಕಿಗೆ ಕಂಟ್ರೋಲ್ ಪ್ಲಾಟ್ ಎನ್ನುತ್ತೇವೆ. ಅದಿಲ್ಲದೆ ಯಾರಾದರೂ "ನಮ್ಮ ತಳಿ ಭಾರಿ ಇಳುವರಿ ಕೊಟ್ಟಿತು" ಎಂದರೆ ನಾನು ಚಹಾ ಕುಡಿಯಲು ಎದ್ದುಹೋಗುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಮಾಡಿದ ದಡ್ಡತನ ಆಗ ಇನ್ನೂ ಚೆನ್ನಾಗಿ ಕಾಣುತ್ತದೆ.

ಇಲ್ಲಿಗೆ ಬಂದು ನಾಲ್ಕನೆಯ ವಸಂತದಲ್ಲಿ ಕೆಮ್ಮು ಶುರುವಾಯಿತು. ಏಪ್ರಿಲ್‌ನಲ್ಲಿ ಬೀಟು ಬಿತ್ತಿರುತ್ತಾರೆ, ಎಲೆ ಇನ್ನೂ ಮಣ್ಣು ಮುಚ್ಚಿರುವುದಿಲ್ಲ. ಪೂರ್ವದಿಂದ ಒಣಗಾಳಿ ಬೀಸಿತೆಂದರೆ ಹೊಲವೇ ಎದ್ದು ರಸ್ತೆ ದಾಟುತ್ತದೆ. ಹಾಡಹಗಲೇ ಕಾರಿನ ದೀಪ ಹಾಕಿಕೊಂಡು ಓಡಿಸಿದ ದಿನಗಳಿವೆ. ಶೀತ ಎಂದುಕೊಂಡು ಶುಂಠಿ ಕಷಾಯ ಕುಡಿದೆ. ಮೇ ತಿಂಗಳು ಬಂತು, ಗೊಬ್ಬರದ ವಾಸನೆಯ ಜೊತೆಗೆ ಹೂವಿನ ಪರಾಗ ಬಂತು, ಕೆಮ್ಮು ಹೋಗಲಿಲ್ಲ.

ಜುಲೈನಲ್ಲಿ ಬಾರ್ಲಿ ಕಟಾವು. ನಮ್ಮ ತಾಕುಗಳಿಗೆಂದೇ ಒಂದು ಪುಟ್ಟ ಕಟಾವು ಯಂತ್ರವಿದೆ. ಅದು ಮುಂದೆ ಹೋದಂತೆ ಹಿಂದೆ ಚೀಲ ಹಿಡಿದು, ಚೀಟಿ ಕಟ್ಟುತ್ತ ನಡೆಯುವುದು ನಾನು. ಬಾರ್ಲಿ ತೆನೆಯ ಮೀಸೆ ಪುಡಿಯಾಗಿ ಹಾರುವ ಧೂಳಿನಷ್ಟು ಕೆಟ್ಟ ಧೂಳು ಇನ್ನೊಂದಿಲ್ಲ. ಆ ಮಧ್ಯಾಹ್ನ ಒಂಬತ್ತನೆಯ ತಾಕಿನ ಹತ್ತಿರ ನನ್ನ ಉಸಿರು ಕಟ್ಟಿತು. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿಯಿರಲಿಲ್ಲ. ಎದೆಯೊಳಗಿಂದ ಸಿಳ್ಳಿನಂಥ ಸದ್ದು ಬರುತ್ತಿತ್ತು. ಹೊಲದ ಮುಖ್ಯಸ್ಥ ಬ್ರಾಂಟ್, ನಿವೃತ್ತಿಯ ಅಂಚಿನಲ್ಲಿರುವ ಮಿತಭಾಷಿ, ನನ್ನನ್ನು ಗಾಡಿಯಲ್ಲಿ ಕೂರಿಸಿ ಊರಿನ ಡಾಕ್ಟರರ ಬಳಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಗುಂಡಿ ಬಂದಾಗ ಮಾತ್ರ ನಿಧಾನ ಮಾಡಿದರು. ಅಷ್ಟು ಒಳ್ಳೆಯ ಸಮಾಧಾನವನ್ನು ನನಗೆ ಆಮೇಲೂ ಯಾರೂ ಹೇಳಲಿಲ್ಲ.

ಊರಿನ ಡಾಕ್ಟರು ಬಾಯಿಗೆ ಮುಖವಾಡದಂಥದ್ದನ್ನು ಹಾಕಿ ಔಷಧದ ಆವಿ ಕೊಟ್ಟರು, ಬಾಯಿಗಿಟ್ಟು ಎಳೆಯುವ ಒಂದು ನೀಲಿ ಪಂಪು ಕೈಗೆ ಕೊಟ್ಟರು. ಆಸ್ತಮಾ ಇರಬಹುದು, ಶ್ವಾಸಕೋಶದ ತಜ್ಞರಿಗೆ ತೋರಿಸಿ ಎಂದು ಚೀಟಿ ಬರೆದರು. ತಜ್ಞರ ಕ್ಲಿನಿಕ್ಕಿಗೆ ಫೋನು ಮಾಡಿದರೆ ಟೆರ್ಮಿನ್, ಅಂದರೆ ಭೇಟಿಯ ದಿನ, ಸಿಕ್ಕಿದ್ದು ನವೆಂಬರ್‌ನಲ್ಲಿ. ಜುಲೈನಲ್ಲಿ ಉಸಿರು ಸಿಗುತ್ತಿಲ್ಲ ಎಂದರೆ ನವೆಂಬರ್‌ನಲ್ಲಿ ಬನ್ನಿ ಎನ್ನುವ ದೇಶ ಇದು. ಬೈದುಕೊಳ್ಳಲೂ ಉಸಿರು ಬೇಕಲ್ಲ, ಸುಮ್ಮನಾದೆ.

ಆಸ್ತಮಾ ಎಂಬ ಪದ ನಮ್ಮ ಮನೆಯಲ್ಲಿ ಯಾರೂ ಬಳಸಿದ್ದಿಲ್ಲ. ನಮ್ಮಲ್ಲಿ ಅದಕ್ಕೆ ದಮ್ಮು ಎಂದು ಹೆಸರು, ಮತ್ತು ದಮ್ಮು ಎಂದರೆ ಅಪ್ಪ. ಅಪ್ಪ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದರು. ನಲವತ್ತಾರನೆಯ ವಯಸ್ಸಿಗೆ ಕೆಲಸ ಬಿಟ್ಟರು. ಆಮೇಲೆ ಹನ್ನೊಂದು ವರ್ಷ ಪಡಸಾಲೆಯ ಮಂಚದ ಮೇಲೆ, ತೊಡೆಯ ಮೇಲೊಂದು ದಿಂಬಿಟ್ಟುಕೊಂಡು ಮುಂದಕ್ಕೆ ಬಾಗಿ ಕೂತೇ ಇದ್ದರು. ಯಾರಾದರೂ ಬಂದರೆ "ಬರ್ರಿ" ಎನ್ನಲು ಕೈ ಎತ್ತುತ್ತಿದ್ದರು, ಮಾತು ಉಳಿಸಲು. ಆ ಜುಲೈನಲ್ಲಿ ನನಗೆ ಮೂವತ್ತೊಂಬತ್ತು. ಲೆಕ್ಕ ಹಾಕದೆ ಇರಲು ಆಗಲಿಲ್ಲ. ನನಗೆ ಬಂದ ಭಯ ಸಾವಿನದಲ್ಲ, ಕೂತುಬಿಡುವುದರದು. ಹೊಲಕ್ಕೆ ಹೋಗಲಾಗದೆ, ಕಿಟಕಿಯಿಂದ ಹೊಲ ನೋಡುತ್ತ ಕೂರುವ ಹೆಂಗಸಾಗಿಬಿಡುತ್ತೇನೆ ಎಂಬ ಭಯ.

ಗದಗದಲ್ಲಿ ತಮ್ಮನ ಜೊತೆಗಿರುವ ಅವ್ವನಿಗೆ ಒಂದು ವಾರ ಹೇಳಲಿಲ್ಲ. ಹೇಳಿದ ದಿನ ಅವ್ವ ಅಳಲಿಲ್ಲ, ಸೀದಾ ಕೆಲಸಕ್ಕೆ ಇಳಿದಳು.

"ಪಂಪ್ ಹಚ್ಕೋಬ್ಯಾಡವಾ. ಒಮ್ಮಿ ಹಚ್ಕೊಂಡ್ರ ಜೀವ ಇರೂತನಕ ಬಿಡಂಗಿಲ್ಲ. ನಾ ಲೋಬಾನ ಕಳಸ್ತೀನಿ. ಸಂಜಿಮುಂದ ದೀಪ ಹಚ್ಚಿದಮ್ಯಾಲ ಕಿಟಕಿ ಬಾಗ್ಲಾ ಎಲ್ಲಾ ಹಾಕಿ, ಕೆಂಡದ ಮ್ಯಾಲ ಲೋಬಾನ, ಒಂಚೂರು ಅಜವಾನ, ಒಣಾ ಬೇವಿನ ಎಲಿ ಹಾಕು. ಖೋಲಿ ತುಂಬಬೇಕ ನೋಡು. ಗಾಳಿ ಸ್ವಚ್ಛ ಆಕ್ಕೈತಿ."

"ಅಪ್ಪಗೂ ಹಾಕ್ತಿದ್ದೆಲ್ಲ ಬೇ?"

"ಹಾಕ್ತಿದ್ನಲ್ಲ. ಅದಕ್ಕ ಹನ್ನೊಂದ ವರ್ಷ ತಡಕೊಂಡ್ರು."

ನನ್ನ ಗಂಡ ಪ್ರಶಾಂತ ಇಲ್ಲಿಂದ ನಲವತ್ತು ನಿಮಿಷ ದೂರದ ಒಂದು ಕಾರು ಬಿಡಿಭಾಗಗಳ ಕಂಪನಿಯಲ್ಲಿ ಇಂಜಿನಿಯರ್. ಅವರ ಸಹೋದ್ಯೋಗಿಯ ತಾಯಿ ಹುಬ್ಬಳ್ಳಿಯಿಂದ ಬರುವವರಿದ್ದರು, ಅವರ ಬ್ಯಾಗಿನಲ್ಲಿ ಎರಡು ಕಿಲೊ ಲೋಬಾನ ಬಂತು. ಕೆಂಡಕ್ಕೆ ತುರ್ಕಿ ಅಂಗಡಿಯಲ್ಲಿ ಸಿಗುವ ಹುಕ್ಕಾದ ಇದ್ದಿಲು ಸರಿಹೋಯಿತು. ನಾನು ಓದಿದವಳು, ಇದನ್ನೆಲ್ಲ ನಂಬುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನಂಬಿದ್ದೆ. ಹೊಗೆ ಎದ್ದಾಗ ನಮ್ಮ ಪಡಸಾಲೆಯ ವಾಸನೆ ಬರುತ್ತಿತ್ತು, ಆ ವಾಸನೆಗೆ ಭಯ ಸ್ವಲ್ಪ ಇಳಿಯುತ್ತಿತ್ತು.

ನವೆಂಬರ್ ಬಂತು. ಅಕ್ಟೋಬರಿನಲ್ಲಿ ಬೀಟು ಕಿತ್ತು ಕಾರ್ಖಾನೆಗೆ ಸಾಗಿಸಿದ್ದರು, ಊರೆಲ್ಲ ಬೆಂದ ಗೆಣಸಿನ ವಾಸನೆ. ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಒಳಗೆ ಬಂದ ಪ್ರತಿಯೊಬ್ಬರೂ ಎಲ್ಲರಿಗೂ ಕೇಳುವಂತೆ "ಗುಟೆನ್ ಮೋರ್ಗೆನ್" ಎಂದು ಕೂರುತ್ತಾರೆ, ಹೋಗುವಾಗಲೂ ಹೇಳಿ ಹೋಗುತ್ತಾರೆ. ಮೊದಲು ನನಗೆ ಅದು ವಿಚಿತ್ರವೆನಿಸುತ್ತಿತ್ತು. ಅವತ್ತು ನೋಡಿದರೆ, ಆ ಎರಡು ಪದಗಳನ್ನು ಪೂರ್ತಿ ಹೇಳಲು ಅಲ್ಲಿದ್ದ ಅರ್ಧ ಜನರಿಗೆ ಕಷ್ಟವಾಗುತ್ತಿತ್ತು, ಆದರೂ ಯಾರೂ ಬಿಡಲಿಲ್ಲ. ಪಕ್ಕದಲ್ಲಿ ಕೂತ ಮುದುಕಿಯೊಬ್ಬರು ನನ್ನ ಒರಟು ಕೈ ನೋಡಿ, "ಕಟಾವೇ?" ಎಂದರು. ಹೌದೆಂದೆ. "ನನಗೂ ಅದೇ. ಆದರೂ ಇನ್ನೂ ಕೋಳಿ ಸಾಕುತ್ತೇನೆ" ಎಂದರು. ಇಲ್ಲಿಯವರು ಅಪರಿಚಿತರ ಜೊತೆ ಅಷ್ಟು ಮಾತಾಡಿದರೆ ಅದು ಭಾಷಣ.

ತಜ್ಞೆ ನನ್ನ ವಯಸ್ಸಿನವರೇ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, "ಊದಿ, ಊದಿ, ಇನ್ನೂ, ಇನ್ನೂ" ಎಂದು ಕೂಗಿ ಊದಿಸಿದರು. ಆಸ್ತಮಾ ಎಂದು ಖಚಿತವಾಯಿತು.

"ಸಿಗರೇಟು ಸೇದುತ್ತೀರಾ?"

"ಇಲ್ಲ."

"ಮನೆಯಲ್ಲಿ ಯಾರಾದರೂ?"

"ಯಾರೂ ಇಲ್ಲ. ನಮ್ಮ ಮನೆತನದಲ್ಲೇ ಯಾರೂ ಸೇದಿದವರಿಲ್ಲ," ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ದಿನಾ ಬೆಳಿಗ್ಗೆ ಸಂಜೆ ಎಳೆಯಲು ಇನ್ನೊಂದು ಪಂಪು ಕೊಟ್ಟರು. ಜೊತೆಗೆ ಉಸಿರಿನ ಬಲ ತಿಳಿಯಲು ಊದಿ ನೋಡುವ ಒಂದು ಪ್ಲಾಸ್ಟಿಕ್ ಕೊಳವೆ ಮತ್ತು ಅದರ ಅಳತೆ ಬರೆಯಲು ಪುಸ್ತಕ. ಪುಸ್ತಕದಲ್ಲಿ ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟೆ. ನಾನು ಹಳದಿಯ ತಳದಲ್ಲಿದ್ದೆ.

ಪುಸ್ತಕ ಸಿಕ್ಕರೆ ನನ್ನಂಥವಳು ಬಿಡುತ್ತಾಳೆಯೇ. ಪ್ರತಿ ಅಳತೆಯ ಪಕ್ಕ ಗಾಳಿಯ ದಿಕ್ಕು, ಮಳೆ, ಯಾವ ಹೊಲದಲ್ಲಿ ಉಳುಮೆ, ಯಾರ ಚಿಮಣಿಯಲ್ಲಿ ಕಟ್ಟಿಗೆ ಹೊಗೆ, ಎಲ್ಲಾ ಬರೆದೆ. ಪ್ರಶಾಂತ ನೋಡಿ ನಕ್ಕರು. "ಇದು ನಿನ್ನ ರಿಪೋರ್ಟೊ, ಬೀಟಿಂದೊ?" ಊರಿನ ಗಾಳಿಗೆಲ್ಲ ಆ ಪುಸ್ತಕದಲ್ಲಿ ಜಾಗವಿತ್ತು. ನಮ್ಮ ಮನೆಯೊಳಗಿನ ಗಾಳಿಗೆ ಮಾತ್ರ ಒಂದು ಕಾಲಮ್ಮೂ ಇರಲಿಲ್ಲ.

ಹೊರಗಿನ ಗಾಳಿ ವೈರಿ ಎಂದು ತೀರ್ಮಾನಿಸಿದ ಮೇಲೆ ಕಿಟಕಿಗಳನ್ನು ಮುಚ್ಚಿಸಿದೆ. ಇದು ಈ ದೇಶದಲ್ಲಿ ಸಣ್ಣ ಅಪರಾಧವಲ್ಲ. ದಿನಕ್ಕೆ ಎರಡು ಮೂರು ಸಲ ಎಲ್ಲ ಕಿಟಕಿಗಳನ್ನೂ ಹತ್ತು ನಿಮಿಷ ಪೂರ್ತಿ ತೆರೆದಿಡಬೇಕು, ಎಷ್ಟೇ ಚಳಿಯಿರಲಿ. ಬಾಡಿಗೆ ಕರಾರಿನಲ್ಲೇ ಬರೆದಿರುತ್ತಾರೆ. ಕೆಳಗಿನ ಮನೆಯಲ್ಲಿರುವ ಮನೆಯೊಡತಿ ಫ್ರೌ ಕ್ರ್ಯೂಗರ್ ಎರಡು ಸಲ ಮೇಲೆ ಬಂದರು. "ಗಾಜು ಬೆವರುತ್ತಿದೆ. ಗೋಡೆಗೆ ಬೂಷ್ಟು ಹಿಡಿಯುತ್ತದೆ." ನಾನು ಎದೆ ಮುಟ್ಟಿಕೊಂಡು "ಡಾಕ್ಟರು ಹೇಳಿದ್ದಾರೆ" ಎಂದೆ. ಡಾಕ್ಟರು ಅಂಥದ್ದೇನೂ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಹೊಲಗಳೆಲ್ಲ ಒದ್ದೆ, ಧೂಳಿನ ಸುಳಿವಿಲ್ಲ. ಆದರೂ ಅಳತೆ ಇಳಿಯುತ್ತಲೇ ಹೋಯಿತು. ತಪ್ಪನ್ನು ಅಕ್ಕಪಕ್ಕದವರ ಕಟ್ಟಿಗೆ ಒಲೆಗಳ ಮೇಲೆ ಹಾಕಿದೆ. ಗಾಳಿಯಾಡದ ಚಳಿಯಲ್ಲಿ ಆ ಹೊಗೆ ಬೀದಿಯಲ್ಲೇ ನಿಲ್ಲುತ್ತದೆ ಎಂಬುದೇನೋ ನಿಜ. ಅವ್ವನಿಗೆ ಹೇಳಿದರೆ, "ಹಂಗಾರ ಎರಡ ಸಲ ಹಾಕು, ಮುಂಜಾನಿ ಒಮ್ಮಿ" ಎಂದಳು. ಹಾಕಿದೆ.

ಕ್ರಿಸ್ಮಸ್ ರಜೆಗೆ ನ್ಯೂರೆಂಬರ್ಗ್‌ಗೆ ಹೋದೆವು, ಪ್ರಶಾಂತರ ಧಾರವಾಡದ ಗೆಳೆಯ ವಿನಯನ ಮನೆಗೆ. ಐದು ದಿನ ಇದ್ದೆವು. ಮೂರನೆಯ ದಿನ ಅಳತೆ ಹಸಿರಿಗೆ ಬಂತು. ಐದನೆಯ ದಿನ ನಾಲ್ಕನೆಯ ಮಹಡಿಯವರೆಗೆ ಮೆಟ್ಟಿಲು ಹತ್ತಿದೆ, ನಡುವೆ ನಿಲ್ಲದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ವಿನಯ, "ಮಗಾ, ಆ ಧೂಳಿನ ಊರಾಗ ಏನೈತಲೇ? ಇಲ್ಲೇ ಬಂದಬಿಡ್ರಿ. ನಮ್ಮ ಕಂಪನಿಯಾಗ ಜಾಗಾ ಅದಾವ," ಎಂದ.

ಊರಿಗೆ ಮರಳಿ ಎರಡನೆಯ ದಿನಕ್ಕೆ ಮತ್ತೆ ಹಳದಿ. ಇನ್ನೇನು ಸಾಕ್ಷಿ ಬೇಕು? ಪ್ರಶಾಂತ ಅರ್ಜಿ ಬರೆಯಲು ಕೂತರು. ಎಂಟು ವರ್ಷದ ಮಗಳು ಅನಘಾ, ನಾವು ಕನ್ನಡದಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರಿಸುವವಳು, "ನೈನ್" ಎಂದು, ಅಂದರೆ ಇಲ್ಲ ಎಂದು, ಕೋಣೆಯ ಬಾಗಿಲು ಹಾಕಿಕೊಂಡಳು. ಜನವರಿಯಲ್ಲಿ ತಜ್ಞೆ ಔಷಧದ ಪ್ರಮಾಣ ಹೆಚ್ಚಿಸಿದರು. ಈ ಅಳತೆಯಲ್ಲಿ ಕಂಪನಿಯ ವೈದ್ಯರು ನನ್ನನ್ನು ಕಟಾವಿಗೆ ಬಿಡುವುದಿಲ್ಲ ಎಂದೂ ಅವರೇ ನೇರವಾಗಿ ಹೇಳಿದರು. ಮಾರ್ಚಿನಲ್ಲಿ ಇನ್ನೊಮ್ಮೆ ಪರೀಕ್ಷೆ, ಅದೇ ಕೊನೆಯ ಮಾತು. ಬ್ರಾಂಟ್ ಪ್ರಯೋಗಾಲಯದಲ್ಲಿ ಬೀಜ ಎಣಿಸುವ ಕೆಲಸವೊಂದಿದೆ ಎಂದರು. ಕುರ್ಚಿಯೂ ಒಳ್ಳೆಯದಿದೆ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಕೂರುವ ಕೆಲಸ ನನಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕಾದಿತ್ತು.

ಫೆಬ್ರುವರಿಯಲ್ಲಿ ಕಟ್ಟಡದ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. ಚಾವಣಿಯಲ್ಲಿರುವ ಹೊಗೆ ಸೂಚಕಗಳ ವಾರ್ಷಿಕ ತಪಾಸಣೆ, ಮನೆಯಲ್ಲಿರತಕ್ಕದ್ದು. ಬಂದವನು ಏಣಿ ಹತ್ತಿ ಪಡಸಾಲೆಯ ಸೂಚಕದ ಗುಂಡಿ ಒತ್ತಲು ಕೈ ಎತ್ತಿದವನು ಹಾಗೆಯೇ ನಿಂತ. ಸೂಚಕಕ್ಕೆ ಹೋಟೆಲಿನಲ್ಲಿ ಸ್ನಾನಕ್ಕೆ ಕೊಡುವ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿತ್ತು. ನಾನೇ ತೊಡಿಸಿದ್ದು, ಲೋಬಾನ ಹಾಕಿದಾಗಲೆಲ್ಲ ಅದು ಕಿರುಚಿ ಕೆಳಗಿನ ಫ್ರೌ ಕ್ರ್ಯೂಗರ್ ಓಡಿಬರಬಾರದೆಂದು. ಒಗ್ಗರಣೆ ಹಾಕುವ ನಮ್ಮವರ ಮನೆಗಳಲ್ಲಿ ಇದು ದೊಡ್ಡ ಸಂಗತಿಯೇ ಅಲ್ಲ. ತೆಗೆಯಲು ಮರೆತಿದ್ದೆ, ಅಷ್ಟೇ. ಮಲಗುವ ಕೋಣೆಯದಕ್ಕೂ ಒಂದಿತ್ತು.

ಅವನು ಟೊಪ್ಪಿಗೆ ತೆಗೆದು ಅದರ ಹೊರಮೈ ಮೇಲೆ ಬೆರಳಾಡಿಸಿದ. ಬೆರಳು ಕಂದು ಬಣ್ಣಕ್ಕೆ ತಿರುಗಿತು.

"ಇಲ್ಲಿ ಯಾರು ಸಿಗರೇಟು ಸೇದುತ್ತಾರೆ?"

"ಯಾರೂ ಇಲ್ಲ," ಎಂದೆ. ತಜ್ಞೆಗೆ ಹೇಳಿದ ಅದೇ ದನಿಯಲ್ಲಿ.

ಅವನು ಬೆರಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ವಾದ ಮಾಡುವುದು ಅವನ ಕೆಲಸವಲ್ಲ. "ಇದನ್ನು ಹಾಕಬಾರದು," ಎಂದು ಟೊಪ್ಪಿಗೆ ನನ್ನ ಕೈಗಿಟ್ಟು, ಸಹಿ ಹಾಕಿಸಿಕೊಂಡು ಹೋದ.

ನಾನು ಟೊಪ್ಪಿಗೆ ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತೆ. ಈ ಹೊಗೆ ಯಂತ್ರಕ್ಕೆ ಆಗುವುದಿಲ್ಲ ಎಂದು ಅದರ ಮುಖ ಮುಚ್ಚಿದ್ದೆ. ನನ್ನ ಮುಖ ತೆರೆದೇ ಇತ್ತು. ದಿನಕ್ಕೆ ಎರಡು ಸಲ, ಕಿಟಕಿ ಹಾಕಿಕೊಂಡು, ಅವ್ವ ಹೇಳಿದಂತೆ ಕೋಣೆ ತುಂಬಿಸಿ, ಆಳವಾಗಿ ಎಳೆದುಕೊಂಡಿದ್ದೆ. ವಿನಯನ ಮನೆಯಲ್ಲಿ ದೇವರ ಮುಂದೆ ಇದ್ದದ್ದು ಕರೆಂಟಿನ ದೀಪ, ಹೊಗೆಯೇ ಇರಲಿಲ್ಲ. ನನಗೆ ಮೊದಲು ಬಂದದ್ದು ನಾಚಿಕೆ, ಆಮೇಲೆ ಸಿಟ್ಟು. ಇಲ್ಲಿಗೆ ಬರುವ ಮೊದಲಿನದೂ ಸೇರಿ ಹನ್ನೆರಡು ವರ್ಷ ಕಂಟ್ರೋಲ್ ಪ್ಲಾಟ್ ಇಲ್ಲದ ವರದಿಗಳನ್ನು ಆಚೆ ತಳ್ಳಿದವಳು, ಒಂದಿಡೀ ಊರನ್ನು ಕಂಟ್ರೋಲ್ ಪ್ಲಾಟ್ ಇಲ್ಲದೆ ಅಪರಾಧಿ ಮಾಡಿದ್ದೆ.

ಮುಂದಿನದು ನನಗೆ ಗೊತ್ತಿದ್ದ ಕೆಲಸ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕಿಟಕಿ ಮುಚ್ಚಿಯೇ ಇರಲಿ, ಪಂಪು ಹಾಗೆಯೇ ಇರಲಿ, ಲೋಬಾನ ಮಾತ್ರ ಬಂದ್. ಎಣ್ಣೆಯ ದೀಪವೂ ಮೊದಲಿನಂತೆಯೇ. ಎರಡು ವಾರ. ನಾಲ್ಕು ದಿನ ಏನೂ ಆಗಲಿಲ್ಲ. ಆರನೆಯ ಬೆಳಿಗ್ಗೆ ಕೊಳವೆಯ ಗುರುತು ಸ್ವಲ್ಪ ಮೇಲಕ್ಕೆ ಹೋಯಿತು. ಹನ್ನೊಂದನೆಯ ದಿನ ಹಸಿರು. ಹದಿನಾಲ್ಕನೆಯ ದಿನವೂ ಹಸಿರು.

"ಈಗ ಮತ್ತ ಒಂದ ವಾರ ಹಾಕಿ ನೋಡಬೇಕ್ರಿ, ಇಳಿತೈತೇನು ಅಂತ. ಆಗ ಪಕ್ಕಾ ಗೊತ್ತಾಕ್ಕೈತಿ," ಎಂದೆ.

"ನಿನಗೇನ ತಲಿ ಕೆಟ್ಟೈತೇನ?" ಎಂದ ಪ್ರಶಾಂತ ಉಳಿದ ಇದ್ದಿಲನ್ನೆಲ್ಲ ಕಸದ ಡಬ್ಬಿಗೆ ಸುರಿದು ಬಂದರು. ಪ್ರಯೋಗ ಅಲ್ಲಿಗೆ ಮುಗಿಯಿತು.

ಮಾರ್ಚಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಊದಿದ ಮೇಲೆ ತಜ್ಞೆ ಪರದೆಯನ್ನೇ ನೋಡುತ್ತ ಏನು ಬದಲಾಯಿಸಿದಿರಿ ಎಂದು ಕೇಳಿದರು. ತಲೆ ತಗ್ಗಿಸಿ ಎಲ್ಲ ಹೇಳಿದೆ, ಟೊಪ್ಪಿಗೆಯ ಕಥೆಯನ್ನೂ. ಅವರು ನಗಲಿಲ್ಲ. "ನಾನು ಸಿಗರೇಟು ಎಂದು ಕೇಳಿದೆ. ಮನೆಯಲ್ಲಿ ಏನಾದರೂ ಉರಿಯುತ್ತದೆಯೇ ಎಂದು ಕೇಳಬೇಕಿತ್ತು," ಎಂದು ತಮ್ಮ ಕಾಗದದಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ ನನ್ನ ಉತ್ಸಾಹಕ್ಕೂ ಸ್ವಲ್ಪ ನೀರು ಸುರಿದರು. ಆಸ್ತಮಾ ಹೋಗಿಲ್ಲ, ಹೋಗುವುದೂ ಇಲ್ಲ. ಶುರು ಮಾಡಿದ್ದು ಹೊಲದ ಧೂಳೇ ಇರಬಹುದು. ಹೊಗೆ ಅದನ್ನು ವಾಸಿಯಾಗಲು ಬಿಡಲಿಲ್ಲ. ಪಂಪು ಬಿಡುವಂತಿಲ್ಲ.

ಕಂಪನಿಯ ವೈದ್ಯರು ಕಟಾವಿಗೆ ಹೋಗಬಹುದು ಎಂದು ಬರೆದುಕೊಟ್ಟರು. ಮುಖಕ್ಕೆ ಮಾಸ್ಕು, ಬಾರ್ಲಿಯ ದಿನ ಮಾತ್ರ ಯಂತ್ರದ ಮುಚ್ಚಿದ ಕ್ಯಾಬಿನ್ನಿನಲ್ಲಿ ಕೂತು ಕೆಲಸ. ಬ್ರಾಂಟ್ ಆ ಕಾಗದ ಓದಿ, ಮಡಚಿ, "ಸರಿ, ಹಾಗಾದರೆ ಕುರ್ಚಿ ನನಗೆ" ಎಂದರು. ಪ್ರಶಾಂತ ಅರ್ಜಿ ಕಳಿಸಲಿಲ್ಲ. ಈಗ ಪೂರ್ವದ ಗಾಳಿ ಬೀಸುವ ದಿನ ಬಿಟ್ಟು ಉಳಿದ ದಿನಗಳಲ್ಲಿ ಮೂರು ಹೊತ್ತೂ ಕಿಟಕಿ ತೆರೆಯುತ್ತೇನೆ, ಫ್ರೌ ಕ್ರ್ಯೂಗರ್ ಕೆಳಗಿನಿಂದಲೇ ಹೆಬ್ಬೆರಳು ತೋರಿಸುತ್ತಾರೆ. ನಿಮಗೂ ಪಂಪು ಕೊಟ್ಟಿದ್ದರೆ, ಅಭ್ಯಾಸವಾಗಿಬಿಡುತ್ತದೆಂದು ಹೆದರಿ ಡ್ರಾವರಿನಲ್ಲಿ ಇಟ್ಟಿದ್ದರೆ, ದಯವಿಟ್ಟು ತೆಗೆಯಿರಿ. ನಾನೂ ತಿಂಗಳುಗಟ್ಟಲೆ ಗಾಡಿಯ ಹಿಂದೆ ಬಚ್ಚಿಟ್ಟುಕೊಂಡು ಎಳೆದವಳು. ಕನ್ನಡಕ ಹಾಕಿಕೊಳ್ಳುವವರು ಯಾರೂ ಗಾಡಿಯ ಹಿಂದೆ ಹೋಗುವುದಿಲ್ಲ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಅವ್ವನಿಗೆ ಹೇಳುವುದು ಉಳಿದಿತ್ತು. ದಿನಾ ಫೋನಿನಲ್ಲಿ "ಹಾಕಾಕತ್ತಿಯಿಲ್ಲೊ?" ಎಂದು ಕೇಳುತ್ತಿದ್ದಳು, ಒಂದು ತಿಂಗಳು "ಹೂಂ" ಎಂದು ಸುಳ್ಳು ಹೇಳಿದೆ. ಆಮೇಲೆ ತಮ್ಮ ಇನ್ನೆರಡು ಕಿಲೊ ಲೋಬಾನ ಕೊಂಡುತಂದಿದ್ದಾನೆ, ಯಾರೋ ಬರುವವರಿದ್ದಾರೆ ಎಂದಾಗ ಹೇಳಲೇಬೇಕಾಯಿತು. ಭಾನುವಾರ ಮಧ್ಯಾಹ್ನ, ವಿಡಿಯೊದಲ್ಲಿ. ಧೂಪ ನಿಲ್ಲಿಸಿದೆ, ನಿಲ್ಲಿಸಿದ ಮೇಲೆ ಉಸಿರು ಸಲೀಸಾಯಿತು, ಹೊಲಕ್ಕೆ ಹೋಗಲು ಒಪ್ಪಿಗೆ ಸಿಕ್ಕಿತು ಎಂದೆ. ಸಿಹಿ ಸುದ್ದಿಯ ಹಾಗೆ ಹೇಳಲು ನೋಡಿದೆ.

ಅವ್ವ ಸೆರಗು ಸರಿಮಾಡಿಕೊಂಡಳು.

"ಹೊಗಿಯಿಂದ ದಮ್ಮ ಹೆಚ್ಚಾಕ್ಕೈತೇನ?"

"ನನಗ ಆತವ್ವ. ಎಲ್ಲಾರಿಗೂ ಅಂತ ಅಲ್ಲ."

"ನಿಮ್ಮಪ್ಪಗ ನಾ ದಿನಾ ಹಾಕ್ತಿದ್ನೆಲ್ಲ, ಶೈಲಾ. ಮಂಚದ ಬಾಜೂಕ ಇಟ್ಟು. ಬ್ಯಾಡ ಅಂತ ಕೈ ಮಾಡತಿದ್ರು. ನಾ ಕೇಳತಿದ್ದಿಲ್ಲ."

ಅಪ್ಪನ ಆ ಕೈ ನನಗೂ ನೆನಪಿದೆ. ಬಂದವರಿಗೆ ಎತ್ತುತ್ತಿದ್ದ ಕೈಯೇ ಅದು ಎಂದುಕೊಂಡಿದ್ದೆ.

"ಅಪ್ಪಂದು ಹತ್ತಿ ಧೂಳವ್ವ," ಎಂದೆ. "ಮಿಲ್ಲಿನ ಧೂಳು. ಅದ ಬ್ಯಾರೆ ಜಡ್ಡು. ಅದಕ್ಕ ಹೊಗಿ ಏನೂ ಮಾಡಂಗಿಲ್ಲ. ನಿನ್ನ ಕೈಯಾಗ ಏನೂ ಇರಲಿಲ್ಲ."

"ಡಾಕ್ಟರ ಹೇಳಿದ್ರೇನ?"

"ಹೂಂ ಬೇ. ನಾನ ಕೇಳೇನಿ. ಅವರ ಹೇಳ್ಯಾರ."

ಅವ್ವ ತಲೆಯಾಡಿಸಿದಳು, ಊಟ ಆಯಿತೇನು ಎಂದು ಕೇಳಿದಳು. ನಾನು ಡಾಕ್ಟರನ್ನು ಕೇಳಿರಲಿಲ್ಲ. ಆಮೇಲೆ ಎರಡು ಸಲ ಅವರ ಎದುರಿಗೆ ಕೂತು ಬಂದಿದ್ದೇನೆ, ಕೇಳಿಲ್ಲ.